ನಿಮ್ಮವ್ವ ಗ್ರಂಥ ಓದಿದ ಮಳೆಗಾಲ

ಛಕುಲೀ, ಪಿಂಟೂ,

ಹೋದ ವಾರ ಫೋನಿನಲ್ಲಿ ಛಕುಲಿ ಹೇಳಿದ ಮಾತು ನನ್ನ ಕಿವಿಯಲ್ಲೇ ಕುಳಿತಿದೆ. "ಆಯೀ, ಕಾಲೇಜು, ಟ್ಯೂಷನ್ನು, ಬಟ್ಟಿ ಒಗಿಯೋದು, ಮೆಸ್ಸಿನಾಗ ಪಾಳಿ ನಿಂದ್ರೋದು, ಇದರಾಗೇ ದಿನ ಹೋಗ್ಲತ್ತದ. ಕೂತು ಓದ್ಬೇಕಂತ ಬೀದರಿಗಿ ಬಂದೀನಿ, ಅದಕ್ಕೇ ಪುರ್ಸತ್ತಿಲ್ಲ ನೋಡು" ಎಂದಳು. ನಾನು "ಉಂಡಿ ಏನವ್ವಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ಮನಸ್ಸಿನಲ್ಲಿ ಬಹಳ ಮಾತಿತ್ತು, ಬಾಯಿಗೆ ಬರಲಿಲ್ಲ. ನಾನು ಮೊದಲಿನಿಂದಲೂ ಹಾಗೆಯೇ. ಭಾಲ್ಕಿ ತಾಲೂಕಿನ ಸಾಯಗಾಂವದ ಸಾಲೆಯಲ್ಲಿ ಏಳನೆಯವರೆಗೆ ಓದಿದೆ. ಮಾಸ್ತರರು ಪಾಠ ಓದಲು ಎಬ್ಬಿಸಿದರೆ ಮಾತ್ರ ಲಂಗದ ಅಂಚು ಹಿಂಡುತ್ತ ನಿಂತುಬಿಡುತ್ತಿದ್ದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನಿಮ್ಮವ್ವನ, ಅಂದರೆ ನನ್ನ ಸೊಸೆಯ ವಿಷಯ. ಆಗ ಛಕುಲಿ ಸಾಲೆಗೆ ಹೋಗುತ್ತಿದ್ದಳು, ಅವಳಿಗೆ ಸ್ವಲ್ಪ ನೆನಪಿರಬಹುದು. ಪಿಂಟು ಇನ್ನೂ ಅಂಗನವಾಡಿಯ ಚಾಪೆಯ ಮೇಲೆ ಮಲಗುತ್ತಿದ್ದ. ನಿಮ್ಮವ್ವನನ್ನು ಕೇಳಿದರೆ "ಅದರಾಗ ಹೇಳೂವಂಥಾದ್ದು ಏನದ?" ಎಂದು ಎದ್ದು ಹೋಗುತ್ತಾಳೆ.

ಔರಾದದಿಂದ ಚಿಂತಾಕಿಗೆ ಹೋಗುವ ದಾರಿಯ ನಮ್ಮೂರಿನ ಬುದ್ಧ ವಿಹಾರ ನಿಮಗೆ ಗೊತ್ತಲ್ಲ. ಈಗ ನೆಲಕ್ಕೆ ಫರಸಿ ಕಲ್ಲು ಹಾಕಿದ್ದಾರೆ, ಆಗ ಒಂದೇ ಕೋಣೆ, ಮೇಲೆ ತಗಡು. ಆಷಾಢ ಹುಣ್ಣಿಮೆಯಿಂದ ಆಶ್ವೀಜ ಹುಣ್ಣಿಮೆಯವರೆಗೆ ಮಳೆಯ ಮೂರು ತಿಂಗಳು ವರ್ಷಾವಾಸ. ದೀಪ ಹಚ್ಚುವ ಹೊತ್ತಿಗೆ ಓಣಿಯವರೆಲ್ಲ ಸೇರಿ ಪಂಚಶೀಲ ಹೇಳಿದ ಮೇಲೆ ಒಬ್ಬರು ಬುದ್ಧನ ಕಥೆ, ಉಪದೇಶದ ಗ್ರಂಥ ಓದುವುದು, ಉಳಿದವರು ಕೇಳುವುದು. ಆಷಾಢದಲ್ಲಿ ಮೊದಲ ಪುಟ ತೆರೆದರೆ ಆಶ್ವೀಜದ ಹುಣ್ಣಿಮೆಗೆ ಕಡೆಯ ಪುಟ ಮುಗಿಯಬೇಕು. ಅಂದು ಖೀರು ಮಾಡಿ ಹಂಚುವುದು. ಆ ಗ್ರಂಥವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ, ವಿಹಾರದಿಂದ ಹೊರಗೆ ಒಯ್ಯುವ ಪದ್ಧತಿ ಇಲ್ಲ.

ತೊಡಕು ಏನೆಂದರೆ ಒಕ್ಕಲುತನದವರಿಗೆ ತಲೆ ತುರಿಸಿಕೊಳ್ಳಲೂ ಬಿಡುವಿಲ್ಲದ ತಿಂಗಳುಗಳು ಇವೇ. ಮೊದಲು ಕಳೆ, ಆಮೇಲೆ ಹೆಸರು, ಅದರ ಬೆನ್ನಿಗೆ ಉದ್ದು, ಕಡೆಗೆ ಸೋಯಾ. ಓದುವವರು ಸಿಗುವುದೇ ಕಷ್ಟ. ಬಹಳ ವರ್ಷ ಓದಿದವನು ನಮ್ಮ ಓಣಿಯ ಹಿರಿಯ. ಊರೆಲ್ಲ ಅವನನ್ನು ಮುತ್ಯಾ ಎನ್ನುತ್ತಿತ್ತು. ಆ ವರ್ಷ ಅವನ ಕಣ್ಣು ಪೂರ್ತಿ ಮಂಜಾಗಿ ಅಕ್ಷರ ಕಾಣದಂತಾಯಿತು. ಈ ಸಲ ಯಾರು ಓದಬೇಕು ಎಂದು ಮಾತೆತ್ತಿದಾಗ ಗಂಡಸರೆಲ್ಲ ನೆಲ ನೋಡಿದರು. ಮುತ್ಯಾನ ತಮ್ಮನ ಮಗ ಔರಾದದಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಅವನು ಹೇಳಿದ:

"ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಓದಿದ್ದು ರೆಕಾರ್ಡ್ ಸಿಗ್ತದ. ದಿನಾ ಸಂಜಿಕಿ ಸ್ಪೀಕರ್ ಹಚ್ಚಿಬಿಡೂಣು. ಅದಕ್ಕೇನು ಒಲಿ ಅದಾ, ಹೊಲ ಅದಾ?"

ಕೆಲವರು ನಕ್ಕರು, ಕೆಲವರು ಬರೋಬ್ಬರಿ ಎಂದರು. ಆಗ ಹೆಂಗಸರ ಸಾಲಿನಿಂದ ನಿಮ್ಮವ್ವ ಎದ್ದು ನಿಂತು "ನಾ ಓದ್ತೇನ್ರಿ" ಎಂದಳು. ನಮ್ಮ ವಿಹಾರದಲ್ಲಿ ಅಲ್ಲಿಯವರೆಗೆ ಹೆಂಗಸು ಗ್ರಂಥ ಓದಿದ್ದಿಲ್ಲ. ಬೇಡ ಎಂದು ಯಾರೂ ಹೇಳಿದ್ದಿಲ್ಲ, ಆದರೆ ಕೇಳಿದವರೂ ಇರಲಿಲ್ಲ.

ಮುತ್ಯಾ ದನಿ ಬಂದ ಕಡೆ ಮುಖ ತಿರುಗಿಸಿದ. "ಓದವ್ವಾ. ನಂದೇನೂ ಅಡ್ಡಿಲ್ಲ. ಖರೇ, ಸುರು ಮಾಡಿದ್ದು ಅರ್ಧಕ್ಕ ನಿಂದರಬಾರದು."

"ಅರ್ಧಕ್ಕ ನಿಂತ್ರ ಮುಂದಿನ ವರ್ಷ ನನ್ನ ಸ್ಪೀಕರ್ರೇ" ಎಂದ ಮೊಬೈಲಿನವನು. ಮಾತು ಹಾಗೆ ನಿಂತಿತು. ಮುಗಿದರೆ ವಿಹಾರದಲ್ಲಿ ಮನುಷ್ಯರ ದನಿ, ಇಲ್ಲದಿದ್ದರೆ ಯಂತ್ರದ ದನಿ.

ನಿಮ್ಮವ್ವನ ದಿನ ಹೇಗಿತ್ತೆಂದು ನೀವು ತಿಳಿಯಬೇಕು. ಎದ್ದ ಕೂಡಲೇ ನೀರು, ಕಸ, ನಿಮ್ಮಪ್ಪ ಟಂಟಂ ಗಾಡಿ ತೆಗೆದುಕೊಂಡು ಔರಾದಕ್ಕೆ ಹೋಗುವ ಮೊದಲು ಅವನ ಬುತ್ತಿ, ನಿಮ್ಮಿಬ್ಬರ ಸ್ನಾನ. ಆಮೇಲೆ ಅಂಗನವಾಡಿ. ಅಲ್ಲಿ ಮಕ್ಕಳ ತೂಕ, ಬಸುರಿಯರ ಲೆಕ್ಕ, ಮೇಲಿನವರು ಯಾವಾಗ ಬರುತ್ತಾರೋ ಎಂಬ ದಿಗಿಲು. ಸಂಜೆ ಎಮ್ಮೆ, ರೊಟ್ಟಿ, ಛಕುಲಿಯ ಪಾಠ. ಇದರಲ್ಲಿ ಗ್ರಂಥಕ್ಕೆ ಜಾಗ ಎಲ್ಲಿ ಎಂದು ನನಗೇ ತಿಳಿಯಲಿಲ್ಲ. ನನ್ನ ಯಜಮಾನರು ತೀರಿಕೊಂಡು ಆಗ ಬಹಳ ದಿನ ಆಗಿರಲಿಲ್ಲ. ನಾನು ಮೂಲೆಯಲ್ಲಿ ಸುಮ್ಮನೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ನಿಮ್ಮವ್ವ ನನ್ನ ಮುಂದೆ ಹಿಟ್ಟಿನ ಪರಾತ ತಂದು ಇಟ್ಟಳು.

"ಅತ್ತೀ, ಸಂಜಿಕಿ ರೊಟ್ಟಿ ನೀವೇ ಬಡೀರಿ. ಮೂರು ತಿಂಗಳು."

"ನನ್ನ ರೊಟ್ಟಿ ನಿನ್ನ ಗಂಡಗ ಸೇರಂಗಿಲ್ಲವ್ವಾ. ದಪ್ಪ ಆಗ್ತಾವ."

"ದಪ್ಪ ರೊಟ್ಟಿ ತಿಂದೇ ಬೆಳದಾನ್ರಿ. ಮರ್ತಾನ, ಅಷ್ಟೇ."

ನಾನು ಬಹಳ ದಿನಗಳ ಮೇಲೆ ನಕ್ಕಿದ್ದು ಅಂದು. ಮರುದಿನದಿಂದ ಒಲೆಯ ಮುಂದೆ ಕುಳಿತೆ.

ಬೆಳಿಗ್ಗೆ ವಿಹಾರದ ಕಸ ಹೊಡೆಯುವ ಕೆಲಸವನ್ನೂ ಅವಳೇ ತೆಗೆದುಕೊಂಡಳು. ಇದೊಂದು ಹೆಚ್ಚಿನ ಹೊರೆ ಯಾಕೆ ಎಂದುಕೊಂಡಿದ್ದೆ. ಒಮ್ಮೆ ಹೋಗಿ ನೋಡಿದರೆ, ಕಸಬರಿಗೆ ಗೋಡೆಗೆ ಆನಿಸಿ ನಿಂತುಕೊಂಡೇ ಅಂದಿನ ಸಂಜೆಯ ಪುಟಗಳನ್ನು ತುಟಿ ಆಡಿಸುತ್ತ ಓದುತ್ತಿದ್ದಳು. ಗ್ರಂಥ ಮನೆಗೆ ತರುವಂತಿಲ್ಲವಲ್ಲ, ಅದಕ್ಕೆ ಈ ಉಪಾಯ. ಸಂಜೆ ಎಲ್ಲೂ ತಡವರಿಸದೆ ಓದುತ್ತಿದ್ದುದರ ಗುಟ್ಟು ಇಷ್ಟೇ.

ಉಳಿದ ಕರೆಗಳಿಗೆಲ್ಲ ಅವಳದು ಒಂದೇ ಉತ್ತರ: "ಗ್ರಂಥ ಮುಗಿದ ಮ್ಯಾಲ ಬರ್ತೇನ್ರಿ." ಧಾರಾವಾಹಿ ನೋಡಲು ಕರೆದರೂ ಅದೇ, ಔರಾದದ ಸಂತೆಯಲ್ಲಿ ಸೀರೆ ಆರಿಸಲು ಕರೆದರೂ ಅದೇ. ಓಣಿಯಲ್ಲಿ ಇದೊಂದು ಚೇಷ್ಟೆಯಾಯಿತು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಆಕೆಯ ನಾಲಿಗೆ ನಿಮಗೆ ಗೊತ್ತೇ ಇದೆ, ನಾನು ಹೆಪ್ಪಿಗೆ ಮಜ್ಜಿಗೆ ಕೇಳಿದರೆ "ಗ್ರಂಥ ಮುಗಿದ ಮ್ಯಾಲ ಕೊಡ್ತೇನಿ, ಹೋಗ್ರಿ" ಎಂದಳು.

ಭಾಲ್ಕಿಯಲ್ಲಿ ನಿಮ್ಮ ಮಾಮಾನ ಮಗನ ತೊಟ್ಟಿಲ ಕಾರ್ಯಕ್ಕೆ ಮಾತ್ರ ಹೋದಳು. ನಾನೂ ಜೊತೆಗಿದ್ದೆ. ಕೂಸಿಗೆ ಹೆಸರಿಟ್ಟದ್ದೇ ತಡ, ಚೀಲ ಹೆಗಲಿಗೆ ಹಾಕಿಕೊಂಡಳು. ನಿಮ್ಮ ಮಾಮಾ ಸಿಟ್ಟಾದ.

"ತವರುಮನಿಗಿ ಬಂದು ಉಣಲಾರದೇ ಹೊಂಟಿ? ನಾವೇನು ಹೊರಗಿನವರಾ?"

"ಕಟ್ಟಿಕೊಡು ಅಣ್ಣಾ. ಬಸ್ಸಿನಾಗ ಉಣ್ತೇನಿ."

"ಒಂದಿನ ಓದ್ಲಿಲ್ಲ ಅಂದ್ರ ಏನು ಮುಳುಗ್ತದ?"

"ಒಂದಿನ ಬಿಟ್ರ ಎರಡನೇ ದಿನ ಬಿಡೋದು ಸಸಾರ ಆಗ್ತದಣ್ಣಾ" ಎಂದು ನಗುತ್ತಲೇ ಅವನ ಕೈಯಿಂದ ಗಂಟು ಇಸಿದುಕೊಂಡಳು. ಬಸ್ಸಿನಲ್ಲಿ ಇಬ್ಬರೂ ಪಲ್ಯ ಚೆಲ್ಲಿಕೊಳ್ಳುತ್ತ ಉಂಡೆವು. ದೀಪದ ಹೊತ್ತಿಗೆ ವಿಹಾರದಲ್ಲಿದ್ದೆವು.

ಇಷ್ಟೆಲ್ಲ ಮಾಡಿದರೂ ಗ್ರಂಥ ಮುಂದೆ ಸಾಗಲಿಲ್ಲ. ಯಾಕೆ ಎಂದು ಕೇಳಿ. ಹೆಸರುಕಾಯಿ ಬಿಡಿಸುವ ಕೆಲಸ ಬಂದಿತ್ತು. ಇಂದು ಇವರಿಲ್ಲ, ನಾಳೆ ಅವರಿಲ್ಲ. ತಪ್ಪಿಸಿಕೊಂಡವರು ಮರುದಿನ ಬಂದು "ಬಾಯೀ, ನಿನ್ನಿದು ಕೇಳೇ ಇಲ್ಲ, ಒಂಚೂರು ಓದು" ಎನ್ನುವರು. ಅಂಗನವಾಡಿಯವಳೆಂದು ಎಲ್ಲರೂ ಅವಳನ್ನು ಬಾಯಿ ಎಂದೇ ಕರೆಯುತ್ತಿದ್ದರು. ಅವಳಿಗೆ ಇಲ್ಲ ಎನ್ನಲು ಮನಸ್ಸಾಗದು. ನಿನ್ನೆಯದನ್ನು ಮತ್ತೆ ಓದುವಳು. ಅದು ಮುಗಿಯುವಷ್ಟರಲ್ಲಿ ಮಕ್ಕಳು ತೂಕಡಿಸುತ್ತಿದ್ದವು, ಹೊಸದು ಒಂದೆರಡು ಪುಟವಾದರೆ ಹೆಚ್ಚು. ಮರುದಿನ ಇನ್ನೊಬ್ಬರಿಗಾಗಿ ಅದೇ ಎರಡು ಪುಟ. ನಮಗೆಲ್ಲ ಇದು ಬಹಳ ಒಳ್ಳೆಯತನವಾಗಿ ಕಂಡಿತು. ಯಾರೂ ಹಿಂದೆ ಬೀಳಬಾರದಲ್ಲ ಎಂದು ನಾನೂ ಸಂತೋಷಪಟ್ಟೆ.

ಭಾದ್ರಪದ ಹುಣ್ಣಿಮೆಯ ಸಂಜೆ ಓದು ಮುಗಿದ ಮೇಲೆ ಮುತ್ಯಾ ಗ್ರಂಥವನ್ನು ಒಮ್ಮೆ ತನ್ನ ಕೈಗೆ ಕೊಡು ಎಂದ. ತೆರೆದಿದ್ದ ಪುಟದ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಓದಿದ ಬದಿ ತೆಳ್ಳಗಿತ್ತು, ಓದಬೇಕಾದ ಬದಿ ಇಟ್ಟಿಗೆಯಂತಿತ್ತು. ಎರಡು ಹುಣ್ಣಿಮೆ ದಾಟಿ ಉಳಿದದ್ದು ಒಂದೇ.

"ಯವ್ವಾ," ಎಂದ ಮೆಲ್ಲಗೆ, "ಓದೋದು ಛಲೋ ಓದ್ತಿ. ಖರೇ ನಡದ ದಾರೀನೇ ಹೊಳ್ಳಿ ಹೊಳ್ಳಿ ನಡೀಲತ್ತಿ."

ನಿಮ್ಮವ್ವ ಮನೆಗೆ ಬಂದು ಕೈಕಾಲು ತೊಳೆದು, ಒಲೆಯ ಮುಂದೆ ನನ್ನ ಪಕ್ಕ ಕುಳಿತಳು. ಮುಖ ಸಣ್ಣದಾಗಿತ್ತು. "ಎಲ್ಲರಿಗೂ ಬೇಕಾದಾಕಿ ಆಗ್ಬೇಕಂತ ಹೋಗಿ ಇದನ್ನ ಮರ್ತುಬಿಟ್ಟೆ ಅತ್ತೀ. ಇನ್ನ ಮುಗೀತದೋ ಇಲ್ಲೋ" ಎಂದಳು. ನಾನು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಸ್ವಲ್ಪ ಹೆಚ್ಚೇ ಇಟ್ಟೆ.

ಮರುದಿನ ವಿಹಾರದಲ್ಲಿ ಗ್ರಂಥ ತೆರೆಯುವ ಮೊದಲೇ ಹೇಳಿದಳು: "ಇವತ್ತಿಂದ ಹಿಂದಿಂದು ಓದಂಗಿಲ್ಲರಿ. ತಪ್ಪಿದವರು ಕೇಳಿದವರ ಕಡಿಂದ ಹೊಲದಾಗ ಕೇಳ್ರಿ."

ಗೋಡೆಯಾಚೆಯ ಮನೆಯವಳು ಸೊಂಟಕ್ಕೆ ಕೈಕೊಟ್ಟು ಎದ್ದಳು. "ಭಾರಿ ಬಾಯಿ ಆದಿ ನೀ! ನಾವು ಹೊಲ ಬಿಟ್ಟು ಬಂದು ಇಲ್ಲಿ ಕೂಡ್ಬೇಕೇನು? ಉದ್ದು ನೀ ಬಂದು ಕೀಳ್ತಿ?"

"ಐತಾರ ಕೀಳ್ಲಿಕ್ಕ ಬರ್ತೇನಕ್ಕಾ. ನೀ ಹೊಲದಾಗ ದಿನಾ ಮಾತಾಡ್ತಿಯಲ್ಲ, ಆ ಬಾಯಿಗಿ ಒಂದು ಕೆಲಸ ಕೊಡ್ಲತ್ತೀನಿ, ಅಷ್ಟೇ."

ಮುತ್ಯಾ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಆಕೆ ಮೂತಿ ತಿರುವಿ ಕುಳಿತಳು, ಎದ್ದು ಹೋಗಲಿಲ್ಲ.

ಅಂದಿನಿಂದ ನಮ್ಮ ಹೊಲಗಳ ರೀತಿಯೇ ಬದಲಾಯಿತು. ಅದುವರೆಗೆ ಸಾಲು ಹಿಡಿದು ಉದ್ದು ಕೀಳುವಾಗ ಯಾರ ಸೊಸೆ ಏನಂದಳು, ಯಾರ ಎಮ್ಮೆ ಯಾರ ಬೆಳೆ ಮೇಯ್ದಿತು ಎಂಬ ಮಾತುಗಳೇ. ಈಗ ಸಾಲಿನ ಈ ತುದಿಯಿಂದ ಯಾರಾದರೂ "ನಿನ್ನಿ ಏನಾತು?" ಎಂದು ಕೂಗಿದರೆ ಆ ತುದಿಯಿಂದ ಉತ್ತರ ಬರುತ್ತಿತ್ತು. ಹೊಳೆಯ ನೀರಿಗಾಗಿ ಎರಡು ಕುಲದವರು ಬಡಿದಾಡಲು ಹೊರಟ ಪ್ರಸಂಗವನ್ನು ಗೋಡೆಯಾಚೆಯವಳು ಹೇಳಿದ್ದು ಕೇಳಬೇಕಿತ್ತು ನೀವು.

"ಇವರಂತಾರ ನೀರು ನಮ್ದು, ಅವರಂತಾರ ನಮ್ದು. ನಮ್ಮ ಮಾವ ಮತ್ತ ಅವರ ಕಾಕಾ ಬೋರಿನ ಸಲುವಾಗಿ ಹ್ಯಾಂಗ ಕೊಡ್ಲಿ ಹಿಡಿದಿದ್ರು, ಥೇಟ ಹಂಗ! ಆಗ ಆ ರಾಜಕುಮಾರ ಎದ್ದು ನಿಂತು, ಜಗಳದಿಂದ ನೀರು ಹೆಚ್ಚಾಗ್ತದೇನ್ರೋ, ಅಂದ."

"ಬೋರಿನ ಮಾತು ಗ್ರಂಥದಾಗ ಅದಾ?" ಎಂದು ಒಬ್ಬಳು ಕಾಲೆಳೆದಳು.

"ಇಲ್ಲ. ಇರಬೇಕಿತ್ತು" ಎಂದಳು ಇವಳು.

ಸಂಜೆ ಬಂದು ನಿಮ್ಮವ್ವನ ಎದುರು ನಿಂತು, ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳುತ್ತಿದ್ದಳು. ಕೆಲಸದ ನಡುವೆ ಹೇಳಬೇಕಾಗುವುದೆಂದು ಜನ ಮೊದಲಿಗಿಂತ ಕಿವಿಗೊಟ್ಟು ಕೇಳತೊಡಗಿದರು. ನನ್ನನ್ನೂ ಒಮ್ಮೆ ಒಂದು ಸಾಲಿನಲ್ಲಿ ಸಿಕ್ಕಿಸಿ ಹೇಳಿಸಿದರು. ಬಗ್ಗಿ ಕೀಳುತ್ತ ಮುಖ ಕಾಣದಂತೆ ಹೇಳಿದ್ದರಿಂದ ಹೇಗೋ ಪಾರಾದೆ. ಗ್ರಂಥ ಈಗ ಓಡತೊಡಗಿತ್ತು. ಸೋಯಾ ಕಟಾವು ಬರುವಷ್ಟರಲ್ಲಿ ಮುತ್ಯಾನ ಹೆಬ್ಬೆರಳಿಗೆ ಎರಡೂ ಬದಿ ಸಮ ಬಂದವು. ಆಮೇಲೆ ಎಡಗಡೆಯೇ ದಪ್ಪವಾಯಿತು. ನಾವೆಲ್ಲ ಖೀರಿಗೆ ಯಾರ ಹಾಲು, ಯಾರ ಸಕ್ಕರೆ ಎಂದು ಮಾತಾಡಿಕೊಳ್ಳುವ ಹೊತ್ತಿಗೆ ಪಿಂಟು ಜ್ವರ ಬಂದು ಮಲಗಿದ.

ಪಿಂಟೂ, ನಿನಗೆ ಅದು ನೆನಪಿಲ್ಲ. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಔರಾದದ ಡಾಕ್ಟರು ರಕ್ತ ನೋಡಿಸಿ ಡೆಂಗಿ ಎಂದರು, ತಡ ಮಾಡದೆ ಬೀದರಕ್ಕೆ ಒಯ್ಯಿರಿ ಎಂದರು. ನಿಮ್ಮಪ್ಪ ಟಂಟಂ ತಂದು ಬಾಗಿಲಿಗೆ ನಿಲ್ಲಿಸಿದ. ಒಂದು ದಿನವೂ ತಪ್ಪಿಸದೆ, ತವರಿನ ಊಟ ಬಿಟ್ಟು ಓಡಿಬಂದ ನಿಮ್ಮವ್ವ ಆಗ ವಿಹಾರದ ಕಡೆ ತಿರುಗಿಯೂ ನೋಡಲಿಲ್ಲ. ನಿನ್ನನ್ನು ಎದೆಗೆ ಒತ್ತಿಕೊಂಡು ಕುಳಿತಳು, ಗಾಡಿ ಹೊರಟಿತು. ನನಗೆ ಅವಳ ಮೇಲಿನ ಗೌರವ ಅಂದು ಇನ್ನೂ ಹೆಚ್ಚಿತು. ಯಾವುದನ್ನು ಯಾವಾಗ ಕೈಬಿಡಬೇಕು ಎಂಬುದಕ್ಕೆ ಅವಳು ಯಾರನ್ನೂ ಕೇಳಲಿಲ್ಲ.

ಛಕುಲಿಯನ್ನು ನನ್ನ ಹತ್ತಿರ ಬಿಟ್ಟಿದ್ದರು. ಸಂಜೆ ಅವಳನ್ನು ಕರೆದುಕೊಂಡು ವಿಹಾರಕ್ಕೆ ಹೋದೆ. ಗ್ರಂಥ ಬಿಳಿ ಬಟ್ಟೆಯಲ್ಲೇ ಇತ್ತು. ಯಾರೂ ಬಿಚ್ಚಲಿಲ್ಲ. ಮೊಬೈಲಿನವನೂ ಸ್ಪೀಕರಿನ ಮಾತು ಆಡಲಿಲ್ಲ, ಪಿಂಟು ಹೇಗಿದ್ದಾನೆ ಎಂದಷ್ಟೇ ಕೇಳಿದ. ಪಂಚಶೀಲ ಹೇಳಿ ಎದ್ದೆವು. ಮರುದಿನವೂ ಹಾಗೆಯೇ ಆಯಿತು.

ಅದರ ಮರುದಿನ ಬೀದರದಿಂದ ನಿಮ್ಮವ್ವನ ಫೋನ್ ಬಂತು. ಪಿಂಟುವಿನ ಜ್ವರ ಇಳಿಯುತ್ತಿದೆ, ಗಂಜಿ ಕುಡಿದ ಎಂದಳು. ನಾನು ಅತ್ತುಬಿಟ್ಟೆ. ಆಮೇಲೆ ಕೇಳಿದಳು, "ಗ್ರಂಥ ಎಲ್ಲೀಮಟಾ ಬಂತ್ರಿ?"

"ನೀ ಇಲ್ಲಲ್ಲವ್ವಾ. ಅಲ್ಲೇ ನಿಂತದ."

"ನನ್ನ ಸಲುವಾಗಿ ಯಾಕ ನಿಂದರಿಸಿದ್ರಿ ಅತ್ತೀ? ನಾನೇ ಓದ್ಬೇಕಂತ ಯಾರು ಹೇಳ್ಯಾರ? ಗೋಡಿ ಆಚಿ ಅಕ್ಕಗ ಹೇಳ್ರಿ. ಆಕಿಗಿ ಓದ್ಲಿಕ್ಕ ಬರ್ತದ" ಎಂದಳು.

ಹೇಳುವುದು ನನ್ನ ಪಾಲಿಗೆ ಬಂತು. ಗೋಡೆಯಾಚೆಯವಳು ಅಂಗಳದಲ್ಲಿ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಸೋಯಾ ಹರವುತ್ತಿದ್ದಳು. ಕೇಳಿದ ಕೂಡಲೇ ಅವಳ ಬಾಯಿ ಕಟ್ಟಿಹೋಯಿತು. ಆಕೆಯ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಾ ಅಕ್ಷರಕ್ಕಕ್ಷರ ಕೂಡಿಸಿ ಓದಾಕಿ. ಮಂದಿ ನಗ್ತಾರ್ರಿ" ಎಂದಳು. ನಾಚಿಕೆಯ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ನಾ ನಿನ್ನ ಬಾಜು ಕೂಡ್ತೇನಿ" ಎಂದೆ.

ಸಂಜೆ ಆಕೆ ಬೆರಳಿಟ್ಟು ಒಂದು ಪುಟ ಓದಿದಳು. ಬೆವರಿಳಿಯಿತು. ಯಾರೂ ನಗಲಿಲ್ಲ. ಮುಂದಿನ ಪುಟಕ್ಕೆ ಗ್ರಂಥವನ್ನು ಪಕ್ಕದವಳ ತೊಡೆಯ ಮೇಲೆ ಇಟ್ಟಳು. ಹೊಲದಲ್ಲಿ ಬಾಯಿಮಾತಿನಲ್ಲಿ ಹೇಳಿ ರೂಢಿಯಾಗಿತ್ತಲ್ಲ, ಆಕೆಯೂ ಓದಿದಳು. ಹೀಗೆ ಗ್ರಂಥ ಹೆಂಗಸರ ಸಾಲಿನಲ್ಲಿ ಕೈಯಿಂದ ಕೈಗೆ ಹೋಯಿತು. ಓದಲು ಬಾರದವರು ತಮ್ಮ ಮಗಳ ಮುಂದೆ ಇಟ್ಟರು. ಛಕುಲೀ, ನೀನೂ ಅರ್ಧ ಪುಟ ಓದಿದ್ದೀ. ನಿಧಾನವಾಗಿಯೇ ಸರಿ, ಹಗಲೆಲ್ಲ ಸೋಯಾ ಕೊಯ್ದು ಬಂದ ಕೈಗಳು ದಿನವೂ ಪುಟ ತಿರುವಿದವು. ಮಧ್ಯೆ ಒಂದು ಸಂಜೆ ಮಳೆ ಬಂದು ಎಲ್ಲರೂ ಬಣವೆ ಮುಚ್ಚಲು ಓಡಿದರು. ನೆನೆದ ಸೀರೆಯಲ್ಲೇ ಮತ್ತೆ ಬಂದು ಕುಳಿತರು.

ಆಶ್ವೀಜ ಹುಣ್ಣಿಮೆಯ ದಿನ ವಿಹಾರದ ಹೊರಗೆ ದೊಡ್ಡ ಪಾತ್ರೆಯಲ್ಲಿ ಖೀರು ಕುದಿಯುತ್ತಿತ್ತು. ಒಳಗೆ ಕಡೆಯ ಕೆಲವು ಪುಟಗಳು ಉಳಿದಿದ್ದವು. ಗೋಡೆಯಾಚೆಯವಳು ಬಿಳಿ ಸೀರೆ ಉಟ್ಟು ಓದುತ್ತಿದ್ದಳು. ಆಗ ಟಂಟಂ ಸದ್ದು ಕೇಳಿತು. ನಿಮ್ಮವ್ವ ಪಿಂಟುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಹೆರಳು ಕೆದರಿತ್ತು, ಕಣ್ಣು ಕುಳಿಬಿದ್ದಿದ್ದವು. ಮುಂದಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಓದುತ್ತಿದ್ದವಳು ನಿಲ್ಲಿಸಿ ಗ್ರಂಥವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಬಾ ಬಾಯೀ. ಕಡೀದು ನೀನೇ ಓದು. ನಿಂದೇ ಇದು."

ನಿಮ್ಮವ್ವ ಮುಂದೆ ಹೋಗಲಿಲ್ಲ. ಬಾಗಿಲ ಹತ್ತಿರ, ನಾನು ಯಾವಾಗಲೂ ಕೂರುವ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಪಿಂಟುವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.

"ನೀ ಓದಕ್ಕಾ. ಮೂರು ತಿಂಗಳು ನಾನೇ ಒದರೀನಿ. ಇವತ್ತರೇ ಒಂದಿನ ಕೂತು ಕೇಳ್ತೇನಿ."

ಆಕೆ ಓದಿದಳು. ನಿಮ್ಮವ್ವ ಕಣ್ಣು ಮುಚ್ಚಿ ಕೇಳಿದಳು. ಕಡೆಯ ಸಾಲು ಆಯಿತು. ಮುತ್ಯಾ ಗ್ರಂಥ ಇಸಿದುಕೊಂಡು ಬಲಬದಿ ಮುಟ್ಟಿದ. ಬರೀ ರಟ್ಟು ಸಿಕ್ಕಿತು. "ಆತು" ಎಂದ. ಆಮೇಲೆ ಮೊಬೈಲಿನವನನ್ನು ಹೆಸರು ಹಿಡಿದು ಕರೆದು, "ಸ್ಪೀಕರ್ ಎಲ್ಲದೋ? ಹಚ್ಚು. ಖೀರು ತಯಾರದ ಅಂತ ಓಣಿಗೆಲ್ಲ ಕೇಳ್ಲಿ" ಎಂದ.

ಅಂದಿನಿಂದ ಪ್ರತಿ ಮಳೆಗಾಲವೂ ನಮ್ಮ ವಿಹಾರದಲ್ಲಿ ಹೆಂಗಸರೇ ಸರದಿಯ ಮೇಲೆ ಓದುತ್ತಾರೆ. ನಿಮ್ಮವ್ವ ಅವರಲ್ಲಿ ಒಬ್ಬಳು, ಅಷ್ಟೇ. ನಾನು ಅವಳ ಅತ್ತೆ, ಮುಖದ ಮುಂದೆ ಹೊಗಳುವುದು ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಹೇಳದೆ ಉಳಿದದ್ದನ್ನು ನಿಮಗೆ ಬರೆದಿದ್ದೇನೆ.

ಛಕುಲೀ, ಪುರುಸೊತ್ತು ಇಲ್ಲವೆನ್ನುವುದು ಸುಳ್ಳು ಎಂದು ನಾನು ಹೇಳುವುದಿಲ್ಲ. ನಿಮ್ಮವ್ವನಿಗೂ ಇರಲಿಲ್ಲ. ಬಟ್ಟೆ ಒಗೆಯುವುದನ್ನು ಐತವಾರಕ್ಕೆ ಇಡು, ನಿಮ್ಮವ್ವ ರೊಟ್ಟಿ ಬಡಿಯಲು ನನ್ನನ್ನು ಹಿಡಿದಂತೆ ಮೆಸ್ಸಿನ ಪಾಳಿಗೆ ಒಬ್ಬರನ್ನು ಹುಡುಕಿಕೋ. ಈ ಹಾಳೆಗಳನ್ನು ನೀವಿಬ್ಬರೂ ಓದಿ ಬಿಸಾಡಬೇಡಿ. ಬೀದರದ ಕೋಣೆಯಲ್ಲಿ ಸೋರದ ಕಡೆ, ನಿಮ್ಮ ಸರ್ಟಿಫಿಕೇಟುಗಳ ಜೊತೆ ಜೋಪಾನವಾಗಿ ಇಡಿ. ನಿಮ್ಮವ್ವ ಬಂದಾಗ ತೋರಿಸಬೇಡಿ, ನಾಚಿಕೊಂಡಾಳು. ನಾನು ಇಲ್ಲವಾದ ಮೇಲೆ ತೋರಿಸಿ.

ನಿಮ್ಮ ಆಯಿ